ಒರೆಸದ ದೀಪ

ದೀಪ ಆರಲಿಲ್ಲ.

ಹಗ್ಗದ ತುದಿಯಲ್ಲಿ ತೂಗುತ್ತ ಅದು ನೆಲದಡಿಯ ಕಾಳಿನ ಕಣಜವಾದ ಹಗೇವಿನ ಕಿರಿದಾದ ಕತ್ತು ದಾಟಿ, ಎರಡಾಳು ಆಳಕ್ಕೆ ಇಳಿದು, ತಳದಲ್ಲಿ ಮೊಣಕಾಲುದ್ದ ಹರಡಿದ್ದ ಹೊಸ ಕಾಳಿನ ಮೇಲೆ ಮೆಲ್ಲಗೆ ಕೂತಿತು. ಅಲ್ಲಿಯೂ ಉರಿಯುತ್ತಲೇ ಇತ್ತು.

"ಗಾಳಿ ಚೆನ್ನಾಗಿದೆ ಮೇಡಂ," ಎಂದ ಹಗ್ಗ ಹಿಡಿದಿದ್ದ ಪೊಲೀಸಪ್ಪ. ಮುಖಕ್ಕಿಂತ ಮೊದಲು ಮೀಸೆ ಕಾಣುತ್ತಿದ್ದುದರಿಂದ ಠಾಣೆಯಲ್ಲಿ ಅವನ ಹೆಸರೇ ಮೀಸೆ. "ನಿನ್ನೆಯಿಂದ ಬಾಯಿ ತೆಗೆದಿಟ್ಟಿದೀವಲ್ಲ. ಬಾಯಿ ತೆಗೆದಿಟ್ರೆ ನಮ್ಮ ಲಾಕಪ್ಪಲ್ಲೂ ಗಾಳಿ ಆಡುತ್ತೆ."

"ನೀನು ಬಾಯಿ ಮುಚ್ಚಿದ್ರೆ ಇನ್ನೂ ಚೆನ್ನಾಗಿ ಆಡುತ್ತೆ. ಹಗ್ಗ ಅಲ್ಲಾಡಿಸಬೇಡ."

ಇನ್ಸ್‌ಪೆಕ್ಟರಮ್ಮ ನೆಲಕ್ಕೆ ಹೊಟ್ಟೆಯಾನಿಸಿ ಮಲಗಿ ಹಗೇವಿನೊಳಗೆ ತಲೆ ಹಾಕಿದಳು. ಇಲಾಖೆಯವರು ಅವಳಿಗಿಟ್ಟ ಹೆಸರು ಜಿಗಣೆ. ಒಂದು ಸಲ ಕಚ್ಚಿಕೊಂಡರೆ ಮೇಲಿನವರು ಎಷ್ಟು ಉಪ್ಪು ಸುರಿದರೂ ಬಿಡುವವಳಲ್ಲ. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಆದರೆ ಅವಳಿಗೆ ಆ ಹೆಸರು ಗೊತ್ತಿತ್ತು, ಒಳಗೊಳಗೇ ಇಷ್ಟವೂ ಇತ್ತು.

ನಿನ್ನೆ ಬೆಳಿಗ್ಗೆ ಇದೇ ಕಾಳಿನ ಮೇಲೆ ಮೇಷ್ಟ್ರು ಸತ್ತು ಬಿದ್ದಿದ್ದರು. ಮೈಮೇಲೆ ಗಾಯವಿಲ್ಲ, ಉಸಿರುಗಟ್ಟಿದ ಸಾವು ಎಂದಿದ್ದರು ಡಾಕ್ಟರು.

ಮೂವತ್ತು ವರ್ಷ ಕಷ್ಟಪಟ್ಟು, ಹಳೇ ಕಾಲದ ಬದುಕು ತೋರಿಸುವ ಈ 'ಹಳೇ ಹೊಲ'ವನ್ನು ಕಟ್ಟಿದವರು ಅವರು. ಇದು ಗಾಜಿನ ಪೆಟ್ಟಿಗೆಯ ವಸ್ತುಸಂಗ್ರಹಾಲಯವಲ್ಲ. ಇಲ್ಲಿ ಮರದ ನೇಗಿಲು ನಿಜವಾಗಿಯೂ ಉಳುತ್ತದೆ, ಬೀಸುವ ಕಲ್ಲು ಬೀಸುತ್ತದೆ, ಕುಲುಮೆಯಲ್ಲಿ ಕುಡುಗೋಲು ತಯಾರಾಗುತ್ತದೆ. ಊರಿನ ಮೊದಲ ಜನ ಹೇಗೆ ಬದುಕಿದರು ಎಂಬುದನ್ನು ಮಕ್ಕಳು ಓದಬಾರದು, ಕೈಯಲ್ಲಿ ಮುಟ್ಟಬೇಕು ಎನ್ನುತ್ತಿದ್ದರು ಮೇಷ್ಟ್ರು. ಬೇಲಿಯೊಳಗೆ ವಿದ್ಯುತ್ತಿಲ್ಲ, ಗಡಿಯಾರವಿಲ್ಲ. ಹೊತ್ತು ತಿಳಿಸಲು ಒಂದು ಗಂಟೆ ಉಂಟು.

ಹಗೇವಿಗೆ ಇಳಿಯುವ ಮೊದಲು ದೀಪ ಇಳಿಸಬೇಕು. ನೆಲದಡಿಯಲ್ಲಿ ತುಂಬಿಟ್ಟ ಕಾಳು ಉಸಿರಾಡುತ್ತದೆ, ಕೆಟ್ಟ ಗಾಳಿ ತಳದಲ್ಲಿ ನಿಲ್ಲುತ್ತದೆ. ದೀಪ ಆರಿದರೆ ಇಳಿದವನೂ ಆರಿದಂತೆಯೇ. ಈ ಮಾತನ್ನು ಮೇಷ್ಟ್ರು ಸಾವಿರಾರು ಮಕ್ಕಳಿಗೆ ಹೇಳಿದ್ದರು. ಆದರೆ ನಿನ್ನೆ ಹಗೇವಿನ ಬಾಯಿಯ ಪಕ್ಕದಲ್ಲಿ ಸಿಕ್ಕ ಹಿತ್ತಾಳೆ ದೀಪದಲ್ಲಿ ತುಂಬ ಎಣ್ಣೆಯಿತ್ತು, ಬತ್ತಿ ಬೆಂಕಿಯನ್ನೇ ಕಂಡಿರಲಿಲ್ಲ. ದೀಪ ಇಳಿಸದೆ ಇಳಿದರು, ವಯಸ್ಸಾಯಿತು, ಮರೆತರು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು.

ಆ ತೀರ್ಮಾನಕ್ಕೆ ಇಂದು ನಾಲ್ಕು ಗಂಟೆಗೆ ಜಿಗಣೆಯ ಸಹಿ ಬೇಕಿತ್ತು. ಕಟ್ಟಿದವನೇ ಅಜಾಗರೂಕತೆಯಿಂದ ಸತ್ತ ಜಾಗ ಎಂದಾದರೆ ಇದನ್ನು ನಡೆಸುವ ಸಮಿತಿ ಹೊಲಕ್ಕೆ ಬೀಗ ಹಾಕುತ್ತದೆ. ನೇಗಿಲು, ಕುಡುಗೋಲು, ಬೀಸುವ ಕಲ್ಲು ಎಲ್ಲ ದೊಡ್ಡ ಪಟ್ಟಣದ ಗಾಜಿನ ಪೆಟ್ಟಿಗೆಗಳಿಗೆ ಹೋಗುತ್ತವೆ. ಮೇಷ್ಟ್ರ ಹೆಸರಿಗೆ 'ಮರೆಗುಳಿ ಮುದುಕ' ಎಂಬ ಬಾಲ ಅಂಟಿಕೊಳ್ಳುತ್ತದೆ.

"ಮೀಸೆ, ಕತ್ತಿನ ಬಲಗಡೆ ನೋಡು. ಏನದು?"

ಹಗೇವಿನ ಕತ್ತಿನ ಮಣ್ಣಿನ ಮೇಲೆ ಒಂದು ಗೇಣುದ್ದದ ಗೆರೆ ಮಿರುಗುತ್ತಿತ್ತು. ಜಿಗಣೆ ಬೆರಳಿಟ್ಟು ಮೂಸಿದಳು. ದೀಪದ ಎಣ್ಣೆ. ಇನ್ನೂ ಒಣಗಿರಲಿಲ್ಲ, ಮೇಲೆ ಧೂಳು ಕೂತಿರಲಿಲ್ಲ.

"ಈಗ ನಾವಿಳಿಸಿದ ದೀಪದ್ದೇ ಇರಬೇಕು."

"ನಾವು ಮಧ್ಯಕ್ಕೆ ಇಳಿಸಿದ್ದು, ಗೋಡೆಗೆ ತಾಕಿಲ್ಲ. ಇಪ್ಪತ್ತು ದಿನ ಮುಚ್ಚಿದ್ದ ಹಗೇವು ಮೊನ್ನೆ ಮಧ್ಯಾಹ್ನ ಮೇಷ್ಟ್ರು, ಇಲ್ಲಿಯ ಕಮ್ಮಾರ ಸೇರಿ ತೆರೆದದ್ದು. ಸಂಜೆ ಎಲ್ಲರೂ ಹೋದ ಮೇಲೆ ಇಲ್ಲಿದ್ದವರು ಮೇಷ್ಟ್ರು ಒಬ್ಬರೇ." ಅವಳು ಎದ್ದು ಮಂಡಿಯ ಮಣ್ಣು ಕೊಡವಿದಳು. "ಮುದುಕ ಮರೆತಿಲ್ಲ ಕಣೋ. ದೀಪ ಇಳಿಸಿದಾರೆ."

"ಹಾಗಾದ್ರೆ ದೀಪ ತುಂಬಿತ್ತಲ್ಲ ಮೇಡಂ? ಬತ್ತಿ ಬೆಳ್ಳಗಿತ್ತಲ್ಲ?"

"ಅದೇ ನನ್ನ ತಲೆ ತಿಂತಿರೋದು."

ನಿನ್ನೆ ಸಿಕ್ಕ ಆ ಬತ್ತಿ ಕಾಗದದಲ್ಲಿ ಸುತ್ತಿ ಅವಳ ಜೇಬಿನಲ್ಲಿತ್ತು. ಈಗ ಕೆಳಗೆ ಉರಿಯುತ್ತಿದ್ದುದು ಅದೇ ದೀಪ, ಬೇರೆ ಬತ್ತಿ. ಬೆರಳಚ್ಚಿನವರು ನಿನ್ನೆಯೇ ಕೈಚೆಲ್ಲಿದ್ದರು. ಬೂದಿ ಹಾಕಿ ತಿಕ್ಕಿದ ಹಿತ್ತಾಳೆ ಅದು, ಕನ್ನಡಿಯಂತೆ ಹೊಳೆಯುತ್ತಿತ್ತು.

* * *

ಸಾಮಾನಿನ ಕೊಟ್ಟಿಗೆಯ ಗೋಡೆ ತುಂಬ ಕಪ್ಪು ಆಕಾರಗಳು. ಗುದ್ದಲಿಯ ಜಾಗದಲ್ಲಿ ಗುದ್ದಲಿಯದೇ ಚಿತ್ರ, ಕುಡುಗೋಲಿನ ಜಾಗದಲ್ಲಿ ಕುಡುಗೋಲಿನದು. ಪ್ರತಿ ಚಿತ್ರದ ನೆತ್ತಿಗೆ ಒಂದು ಮೊಳೆ, ಪಕ್ಕದಲ್ಲಿ ಒರೆಸುವ ಬಟ್ಟೆ. ಸಾಮಾನು ಎಲ್ಲಿಗೆ ಸೇರಬೇಕು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಮೇಷ್ಟ್ರ ಕಾನೂನು," ಎಂದ ಕಮ್ಮಾರ. ಇಪ್ಪತ್ತು ವರ್ಷದಿಂದ ಇಲ್ಲಿಯ ಕುಲುಮೆ ಅವನದು. ನಿನ್ನೆ ಹಗೇವಿಗಿಳಿದು ಮೇಷ್ಟ್ರ ಹೆಣವನ್ನು ಹೆಗಲ ಮೇಲೆ ಹೊತ್ತು ತಂದವನೂ ಅವನೇ. "ಬಳಸಿದ ಸಾಮಾನು ಒರೆಸದೆ ತೂಗುಹಾಕಿದ್ರೆ ಅವತ್ತಿನ ಊಟ ಇಲ್ಲ. ಈಗ ನಮಗೆಲ್ಲ ಅದು ಮೈಗೆ ಹತ್ತಿದೆ. ನಾನು ಮನೇಲಿ ಚಮಚ ತೊಳೆದು ಗೋಡೆ ನೋಡ್ತೀನಿ, ಮೊಳೆ ಎಲ್ಲಿ ಅಂತ. ನನ್ನ ಹೆಂಡತಿ ನಗ್ತಾಳೆ."

ಅವನು ನಗಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ. ಒರೆಸುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

"ಹೋದ ವಾರ ಮೇಷ್ಟ್ರ ಜೊತೆ ಜಗಳ ಆಡಿದ್ರಂತೆ?"

"ಯಾರು ಹೇಳಿದ್ದು?"

"ಗೋಡೆಗೂ ಕಿವಿ ಇರುತ್ತೆ. ಯಾಕೆ ಜಗಳ?"

"ಹೋದ ತಿಂಗಳು, ಕಾಳು ತುಂಬೋ ಮುಂಚೆ, ಹಗೇವಿನ ಗೋಡೆ ಕೆರೀತಿದ್ದಾಗ ಹಿಂದುಗಡೆ ಇನ್ನೊಂದು ಗೋಡೆ ಸಿಕ್ತು. ಬಹಳ ಹಳೇದು. ನಡುವೆ ಸುಟ್ಟ ಕಾಳು, ಮಡಕೆ ಚೂರು. ಮೇಷ್ಟ್ರು ಮಗು ತರ ಕುಣಿದ್ರು. ಬಾಗಿಲಲ್ಲಿ ಬೋರ್ಡ್ ಇದೆಯಲ್ಲ, ಓದಿದೀರಾ?"

ಜಿಗಣೆ ಓದಿದ್ದಳು. 'ಈ ನೆಲವನ್ನು ಮೊದಲು ಉತ್ತವರು ದೊಡ್ಡಮನೆಯ ಹಿರಿಯರು.' ಈಗಿನ ದೊಡ್ಡಮನೆ ಯಜಮಾನರೇ ಸಮಿತಿಯ ಅಧ್ಯಕ್ಷರು.

"ಆ ಬೋರ್ಡ್ ಸುಳ್ಳು, ದೊಡ್ಡಮನೆಯೋರು ಬರೋಕೆ ನೂರಾರು ವರ್ಷ ಮುಂಚೆ ಇಲ್ಲಿ ಬೇರೆ ಜನ ಉತ್ತಿದಾರೆ, ಬಿತ್ತಿದಾರೆ, ಅದನ್ನ ಬರೀಬೇಕು ಅಂದ್ರು. ಒಂದು ಹಿಡಿ ಸುಟ್ಟ ಕಾಳು ತೆಗೆದು ತಿಳಿದೋರಿಗೆ ಕಳಿಸ್ತೀನಿ ಅಂದ್ರು. ನಾನು ಬೇಡ ಅಂದೆ. ಜಮೀನು ಕೊಟ್ಟಿರೋದು ದೊಡ್ಡಮನೆ. ಅವರಿಗೆ ಸಿಟ್ಟು ಬಂದ್ರೆ ನಾವೆಲ್ಲ ಬೀದಿಗೆ. ಸತ್ತು ಮಣ್ಣಾದೋರಿಗೋಸ್ಕರ ಬದುಕಿರೋರ ಅನ್ನ ಕಳೀಬೇಡಿ ಅಂದೆ."

"ಅವರೇನಂದ್ರು?"

"'ಸುಳ್ಳು ಬೋರ್ಡಿನ ಕೆಳಗೆ ನಿಂತು ಮಕ್ಕಳಿಗೆ ಹೇಗಯ್ಯಾ ಪಾಠ ಹೇಳ್ಲಿ?' ಅಂದ್ರು." ಕಮ್ಮಾರ ಸುತ್ತಿಗೆಯನ್ನು ಇನ್ನೊಮ್ಮೆ ಒರೆಸಿದ. "ಆ ವಿಷಯದಲ್ಲಿ ಅದೇ ಕೊನೇ ಮಾತು."

ಜಿಗಣೆ ಜೇಬಿನಿಂದ ಕಾಗದ ತೆಗೆದು ಬತ್ತಿಯನ್ನು ಅವನ ಮುಂದೆ ಹಿಡಿದಳು. ಎರಡೆಳೆ ಹೊಸೆದು, ಮಡಚಿ ಮತ್ತೆ ಹೊಸೆದು, ಬುಡಕ್ಕೆ ಒಂದು ಸಣ್ಣ ಗಂಟು ಹಾಕಿದ ಬತ್ತಿ. "ಇದು ಯಾರ ಕೈ?"

ಅವನು ನೋಡಿದ. ಒಂದೇ ಕ್ಷಣ. ಆಮೇಲೆ ಕಣ್ಣು ಅಂಗಳದಾಚೆಯ ಅಡುಗೆಮನೆಯ ಕಡೆ ಹೋಗಿ ಬಂತು.

"ನಂಗೊತ್ತಿಲ್ಲ ಮೇಡಂ," ಎಂದು ಸುತ್ತಿಗೆ ಹಿಡಿದು ಕುಲುಮೆಗೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕಬ್ಬಿಣ ಬಡಿಯುವ ಸದ್ದು ಕೇಳತೊಡಗಿತು.

* * *

ಮೇಷ್ಟ್ರ ಮಗಳು ಒಲೆಯ ಮುಂದೆ ಕೂತು ನಾಳೆಯ ದೀಪಗಳಿಗೆ ಬತ್ತಿ ಹೊಸೆಯುತ್ತಿದ್ದಳು. ನಲವತ್ತರ ಹೆಂಗಸು, ಹೊಲದ ಹಳೇ ಕಾಲದ ಒರಟು ಸೀರೆಯಲ್ಲೇ ಇದ್ದಳು. ಅಪ್ಪನ ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ ಎಂದು ಕೆಲಸಕ್ಕೆ ಕೂತಿದ್ದಳು.

"ನಾಳೆ ದೀಪ ಹಚ್ಚೋರು ಯಾರಮ್ಮ?" ಎಂದಳು ಜಿಗಣೆ, ಪಕ್ಕದಲ್ಲಿ ಕೂರುತ್ತ.

"ನೀವು ಸಹಿ ಹಾಕ್ಲಿಲ್ಲ ಅಂದ್ರೆ ನಾನೇ ಹಚ್ತೀನಿ." ಅವಳು ತಲೆಯೆತ್ತಲಿಲ್ಲ. "ನಮ್ಮಪ್ಪ ಮರೆಯೋರಲ್ಲ ಮೇಡಂ. ನಿನ್ನೆಯಿಂದ ಎಲ್ಲರಿಗೂ ಇದೇ ಹೇಳ್ತಿದೀನಿ. ಪಾಪ ಅಂತ ತಲೆ ಸವರ್ತಾರೆ, ನಂಬಲ್ಲ."

ಅವಳ ಬೆರಳುಗಳು ಎರಡೆಳೆ ಹೊಸೆದವು. ಮಡಚಿದವು. ಮತ್ತೆ ಹೊಸೆದವು. ಬುಡಕ್ಕೆ ಒಂದು ಗಂಟು.

ಎಷ್ಟೋ ಕಳ್ಳರ ಮುಂದೆ ಗೆದ್ದಾಗ ಬರುವ ಹಿಗ್ಗು ಜಿಗಣೆಗೆ ಈಗ ಬರಲಿಲ್ಲ. ಜೇಬಿನಲ್ಲಿದ್ದ ಬತ್ತಿಯನ್ನು ಮಗಳ ತಟ್ಟೆಯಲ್ಲಿ ಇತರ ಬತ್ತಿಗಳ ಪಕ್ಕಕ್ಕೆ ಇಟ್ಟಳು.

"ಈ ಗಂಟು ಯಾರು ಕಲಿಸಿದ್ದು?"

"ನಮ್ಮಮ್ಮ. ಬತ್ತಿ ಎಣ್ಣೆಗೆ ಜಾರಬಾರದು ಅಂತ. ಇಲ್ಲಿ ಬೇರೆ ಯಾರೂ ಹಾಕಲ್ಲ."

"ಇದು ನಿನ್ನೆ ಹಗೇವಿನ ಪಕ್ಕ ಇದ್ದ ದೀಪದ್ದು."

"ಹೌದು. ಬೆಳಿಗ್ಗೆ ನಾನೇ ಹಾಕಿದ್ದು." ಸಹಜವಾಗಿ ಅಂದಳು. "ಒಂಬತ್ತಕ್ಕೆ ಶಾಲೆ ಮಕ್ಕಳು ಬರೋರಿದ್ರು. ಅಷ್ಟರೊಳಗೆ ದೀಪ ಅಲ್ಲಿರಬೇಕು, ದಿನಾ ನಾನೇ ಇಡೋದು. ಮೊಳೆ ಮೇಲೆ ಕೊಳಕಾಗಿ ನೇತಾಡ್ತಿತ್ತು. ಮೈಯೆಲ್ಲ ಮಸಿ, ಬತ್ತಿ ಬುಡದವರೆಗೆ ಸುಟ್ಟಿತ್ತು, ಎಣ್ಣೆ ಒಂದು ತೊಟ್ಟೂ ಇರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳ್ತಾರೆ, ತಾವು ನೋಡು ಹೀಗೆ ಅಂತ ಅಪ್ಪನ್ನ ಬೈಕೊಂಡೇ ತಿಕ್ಕಿದೆ. ವಾರಕ್ಕೆರಡು ದಿನ ಅವರು ಇಲ್ಲೇ ಮಲಗ್ತಿದ್ರು, ಒಳಗೆ ನಿದ್ದೆ ಮಾಡ್ತಿದಾರೆ ಅಂದ್ಕೊಂಡೆ. ಎಣ್ಣೆ ತುಂಬಿದೆ, ಬತ್ತಿ ಹಾಕಿದೆ, ತಗೊಂಡು ಹೋಗಿ ಹಗೇವಿನ ಪಕ್ಕ ಇಟ್ಟೆ. ಬಗ್ಗಿ ನೋಡಿದ್ರೆ..."

ಮಾತು ಅಲ್ಲಿಗೇ ನಿಂತಿತು. ಅವಳು ತಟ್ಟೆಯನ್ನು ನೋಡಿದಳು, ತನ್ನ ಕೈಗಳನ್ನು ನೋಡಿದಳು. ಏನಾಗಿದೆ ಎಂಬುದು ಈಗ ನಿಧಾನವಾಗಿ ಅವಳಿಗೆ ಹೊಳೆಯಿತು.

"ಅಯ್ಯೋ. ಅಪ್ಪ ದೀಪ ಹಚ್ಚಿದ್ರು. ನಾನೇ... ನಾನೇ ಅದನ್ನ ತೊಳೆದುಬಿಟ್ಟೆ."

"ನಿಮ್ಮದು ತಪ್ಪಲ್ಲಮ್ಮ. ಅಭ್ಯಾಸ."

"ಅವರೇ ಮಾಡಿಸಿದ ಅಭ್ಯಾಸ ಮೇಡಂ!" ಅವಳು ಬಿಕ್ಕಿದಳು. "ಅವರ ಕಾನೂನು ಪಾಲಿಸಿ ಅವರಿಗೇ ಮರೆಗುಳಿ ಅನ್ನೋ ಹೆಸರು ತಂದೆನಲ್ಲ!"

ಜಿಗಣೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ, ಸುಮ್ಮನೆ ಕೈಯಿಟ್ಟೇ ಇದ್ದಳು. ಅಳು ತಗ್ಗಿದ ಮೇಲೆ ಮೆಲ್ಲಗೆ ಕೇಳಿದಳು.

"ತುಂಬಿಸಿದ ದೀಪ ಎಷ್ಟು ಹೊತ್ತು ಉರಿಯುತ್ತೆ?"

"ಎಂಟು ಗಂಟೆ."

"ಅಂದ್ರೆ ನಿಮ್ಮಪ್ಪ ಅದನ್ನ ಒಳಗಿಳಿಸಿ, ಗಾಳಿ ಚೆನ್ನಾಗಿದೆ ಅಂತ ನೋಡಿ, ಮೇಲೆತ್ತಿ ಪಕ್ಕಕ್ಕಿಟ್ಟು ಇಳಿದಿದಾರೆ. ದೀಪ ಹೊರಗೆ ಎಂಟು ಗಂಟೆ ಉರಿದು ತಾನಾಗಿ ಆರಿದೆ. ಸತ್ತವರು ಎದ್ದು ಬಂದು ದೀಪ ಮೊಳೆಗೆ ಹಾಕಲ್ಲ. ಯಾರೋ ನಿಮಗಿಂತ ಮುಂಚೆ ಬಂದು ಹಾಕಿದಾರೆ, ಮೇಷ್ಟ್ರು ದೀಪ ಮುಟ್ಟೇ ಇಲ್ಲ ಅಂತ ತೋರಿಸೋಕೆ."

ಮಗಳು ಕಣ್ಣೊರೆಸಿಕೊಂಡಳು. "ಯಾರು ಮೇಡಂ?"

"ಗೋಡೆ ಮೇಲಿನ ಚಿತ್ರ ನೋಡಿ ಜಾಗ ಕಂಡುಹಿಡಿದೋರು. ಆದರೆ ಒರೆಸಬೇಕು ಅನ್ನೋದು ಮೈಗೆ ಹತ್ತದೇ ಇರೋರು. ಇಲ್ಲಿ ಕೈ ಕೆಸರು ಮಾಡ್ಕೊಂಡು ಕೆಲಸ ಮಾಡದೇ ಇರೋರು."

* * *

ಗಾಳಿ ಚೆನ್ನಾಗಿದ್ದ ಹಗೇವಿನಲ್ಲಿ ಮನುಷ್ಯ ಉಸಿರುಗಟ್ಟಿ ಸಾಯುವುದು ಹೇಗೆ?

ಜಿಗಣೆ ಮೀಸೆಯನ್ನು ಕರೆದು ಹಗೇವಿನ ಮುಚ್ಚಳದ ಕಡೆ ಬೆರಳು ಮಾಡಿದಳು. ದಪ್ಪ ಮರದ ಹಲಗೆ, ಎರಡು ಕಡೆ ಕಬ್ಬಿಣದ ಬಳೆ. ಹುಲ್ಲಿನ ಮೇಲೆ ಅಂಗಾತ ಬಿದ್ದಿತ್ತು. ನಿನ್ನೆಯಿಂದ ನೂರು ಜನ ಅದನ್ನು ದಾಟಿ ಓಡಾಡಿದ್ದರು. ಯಾರೂ ಮಗುಚಿ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ಅದಕ್ಕಾಗಿ ತನ್ನನ್ನೇ ಶಪಿಸಿಕೊಂಡಳು.

ಇಬ್ಬರೂ ಏದುಸಿರು ಬಿಡುತ್ತ ಮಗುಚಿದರು.

ಒಳಮೈಯ ಹಳೇ ಕಪ್ಪು ಮರದಲ್ಲಿ ಏಳೆಂಟು ಹೊಸ ತಗ್ಗುಗಳು, ಬಿಳಿಯಾಗಿ. ಯಾರೋ ಹಗೇವಿಗಿಳಿಯುವ ಏಣಿಯ ಮೇಲೆ ನಿಂತು ಕೆಳಗಿನಿಂದ ಗುದ್ದಲಿಯ ಹಿಡಿಯಂಥದ್ದರಿಂದ ಗುದ್ದಿದ ಗುರುತು. ಮೊದಲಿನವು ಆಳವಾಗಿದ್ದವು. ಕೊನೆಯವು ಬರೀ ತಾಕಿದ ಹಾಗೆ ಇದ್ದವು.

ಮೀಸೆ ಟೋಪಿ ತೆಗೆದ.

"ಇಳಿದ ಮೇಲೆ ಮುಚ್ಚಿದಾರೆ, ಸತ್ತ ಮೇಲೆ ತೆಗೆದಿಟ್ಟಿದಾರೆ. ತಿರುಗಿ ಮುಂಚಿನ ಹಾಗೇ ಹಾಕು," ಎಂದಳು ಜಿಗಣೆ. ದನಿ ಒರಟಾಗಿತ್ತು. "ಇದು ನಿಂಗೆ, ನಂಗೆ ಬಿಟ್ರೆ ಯಾರಿಗೂ ಗೊತ್ತಾಗಬಾರದು. ಬಾಯಿ ಬಿಟ್ರೆ ಮೀಸೆ ಬೋಳಿಸ್ತೀನಿ."

* * *

ನಾಲ್ಕರ ಗಂಟೆ ಬಾರಿಸಿತು. ದೊಡ್ಡಮನೆ ಯಜಮಾನರು ಕೊಟ್ಟಿಗೆಗೆ ಬಂದಾಗ ಕೈಯಲ್ಲಿ ಟೈಪಾದ ಕಾಗದ, ಪೆನ್ನಿನ ಮುಚ್ಚಳ ತೆಗೆದೇ ಇತ್ತು. ಎತ್ತರದ ಆಳು, ಅರವತ್ತರ ಹತ್ತಿರ, ಇಸ್ತ್ರಿ ಮುರಿಯದ ಬಿಳಿ ಬಟ್ಟೆ.

"ದುಃಖದ ವಿಷಯ ಇನ್ಸ್‌ಪೆಕ್ಟರಮ್ಮ. ಎಳೆದಷ್ಟೂ ಈ ಹುಡುಗಿಗೆ ನೋವು. ಒಂದು ಸಹಿ ಹಾಕಿಬಿಡಿ."

ಬಾಗಿಲಲ್ಲಿ ಮೇಷ್ಟ್ರ ಮಗಳು ನಿಂತಿದ್ದಳು, ಹಿಂದೆ ಮೀಸೆ. ಕುಲುಮೆಯಿಂದ ಸುತ್ತಿಗೆಯ ಸದ್ದು ಒಂದೇ ಸಮ ಕೇಳುತ್ತಿತ್ತು.

"ಹಾಕೋಣ, ಹಾಕೋಣ," ಎಂದಳು ಜಿಗಣೆ. ಹಗೇವಿನಿಂದ ತಂದ ದೀಪ ಅವಳ ಕೈಯಲ್ಲಿತ್ತು, ಮಸಿ ಹಿಡಿದಿತ್ತು. "ಇದನ್ನೊಂದು ಸ್ವಲ್ಪ ಅದರ ಜಾಗಕ್ಕೆ ಹಾಕ್ತೀರಾ? ಕಾಗದ ಇಲ್ಲಿ ಕೊಡಿ, ಓದ್ತೀನಿ."

ಯಜಮಾನರು ದೀಪ ತೆಗೆದುಕೊಂಡರು. ಗೋಡೆಯತ್ತ ಕಣ್ಣಾಡಿಸಿ, ದೀಪದ ಚಿತ್ರ ಹುಡುಕಿ, ಮೊಳೆಗೆ ಸಿಕ್ಕಿಸಿದರು. ಪಕ್ಕದಲ್ಲಿದ್ದ ಒರೆಸುವ ಬಟ್ಟೆಯ ಕಡೆ ನೋಡಲೇ ಇಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ತಮ್ಮ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

"ಹೀಗೇ ಇತ್ತು," ಎಂದಳು ಮಗಳು. "ನಿನ್ನೆ ಬೆಳಿಗ್ಗೆ ಹೀಗೇ ಇತ್ತು."

"ಏನು ಹೀಗಿತ್ತು?"

"ಮೇಷ್ಟ್ರು ದೀಪ ಇಳಿಸಿ ನೋಡೇ ಇಳಿದಿದಾರೆ ಯಜಮಾನರೇ," ಎಂದಳು ಜಿಗಣೆ. "ಆಮೇಲೆ ಯಾರೋ ದೀಪ ತಂದು ಇಲ್ಲಿ ಹಾಕಿದಾರೆ. ಒರೆಸದೆ. ಇಲ್ಲಿ ಕೆಲಸ ಮಾಡೋ ಒಬ್ಬರೂ ಹಾಗೆ ಹಾಕಲ್ಲ. ಇದು ಅಜಾಗರೂಕತೆ ಅಲ್ಲ. ಕೊಲೆ."

ಯಜಮಾನರು ನಕ್ಕರು. "ದೀಪ ಒರೆಸ್ಲಿಲ್ಲ ಅಂತ ಕೊಲೆಗಾರನಾ? ಹಾಗಾದ್ರೆ ಊರಿನ ಗಂಡಸರೆಲ್ಲ ಕೊಲೆಗಾರರೇ." ನಗು ನಿಲ್ಲಿಸಿ ಮಗಳ ಕಡೆ ತಿರುಗಿದರು. "ನೋಡಮ್ಮ, ಕೊಲೆ ಅಂತ ಬರೆದ್ರೆ ಪೊಲೀಸರು ಇಡೀ ಹೊಲಕ್ಕೆ ಬೀಗ ಜಡೀತಾರೆ. ಕೇಸು ಮುಗಿಯೋಕೆ ಹತ್ತು ವರ್ಷ. ಅಷ್ಟರಲ್ಲಿ ಗೆದ್ದಲು ತಿನ್ನುತ್ತೆ. ಅಪ್ಪ ಕಟ್ಟಿದ್ದನ್ನ ನೀನೇ ಹಾಳು ಮಾಡ್ತೀಯಾ? ಯೋಚನೆ ಮಾಡು."

ಅದು ಸುಳ್ಳಲ್ಲ, ಜಿಗಣೆಗೂ ಗೊತ್ತಿತ್ತು. ಈ ಕಡೆ ಹೋದರೂ ಬೀಗ, ಆ ಕಡೆ ಹೋದರೂ ಬೀಗ. ಅವಳು ಮಗಳ ಮುಖ ನೋಡಿದಳು.

ಮಗಳು ಒಳಗೆ ಬಂದು, ದೀಪವನ್ನು ಮೊಳೆಯಿಂದ ತೆಗೆಯಲು ಕೈಯೆತ್ತಿ, ಅರ್ಧದಲ್ಲೇ ತಡೆದುಕೊಂಡಳು. ಒರೆಸಬೇಕೆಂದು ಬೆರಳುಗಳು ತುಡಿಯುತ್ತಿದ್ದವು. ಒರೆಸದೆ ಕೈ ಕೆಳಗಿಳಿಸಿದಳು.

"ಹಾಕಿ ಮೇಡಂ, ಬೀಗ ಹಾಕಿ. ನಮ್ಮಪ್ಪನ ಹೆಸರಿಗೆ ಮಸಿ ಬಳಿದು ಈ ಹೊಲದಲ್ಲಿ ನಾನು ದೀಪ ಹಚ್ಚಲ್ಲ. ಸುಳ್ಳಿನ ಕೆಳಗೆ ನಿಂತು ಪಾಠ ಹೇಳೋದು ಅವರಿಗೂ ಬರ್ತಿರಲಿಲ್ಲ."

ಜಿಗಣೆ ಟೈಪಾದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದಳು.

ಯಜಮಾನರ ಕತ್ತಿನ ನರ ಉಬ್ಬಿತು. "ಏನು ಆಟ ಆಡ್ತಿದೀರಾ? ಕೊಲೆ, ಕೊಲೆ! ಒಬ್ಬ ಮನುಷ್ಯನ ಕೈಲಿ ಆಗೋ ಕೆಲಸಾನಾ ಅದು? ಆ ಮುಚ್ಚಳ ಎಳೆದು ಹಾಕೋಕೆ ಇಬ್ಬರು ಗಟ್ಟಿ ಆಳು ಬೇಕು. ನನ್ನ ವಯಸ್ಸಿಗೆ ನಾನೊಬ್ಬನೇ..."

ಅವರೇ ನಿಲ್ಲಿಸಿದರು.

"ಮುಚ್ಚಳ?" ಎಂದಳು ಜಿಗಣೆ ಮೆಲ್ಲಗೆ. "ನಾನು ದೀಪದ ವಿಷಯ ಹೇಳಿದೆ. ಹಗೇವು ಮುಚ್ಚಿದ್ರು ಅಂತ ಯಾರೂ ಹೇಳಲೇ ಇಲ್ಲವಲ್ಲ ಯಜಮಾನರೇ."

ಮೀಸೆ ಹೆಜ್ಜೆಯಿಟ್ಟು ಬಾಗಿಲಿಗೆ ಅಡ್ಡ ನಿಂತ. ಯಜಮಾನರ ಬಿಳಿ ಕರವಸ್ತ್ರ ನೆಲಕ್ಕೆ ಬಿತ್ತು, ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ.

ಕೊಟ್ಟಿಗೆಯಲ್ಲಿ ಎಲ್ಲರ ಉಸಿರೂ ಕೇಳುವಷ್ಟು ಮೌನ. ಇಷ್ಟು ಮೌನ ಯಾಕೆ ಎಂದು ಜಿಗಣೆಗೆ ಆಗ ಹೊಳೆಯಿತು.

ಸುತ್ತಿಗೆಯ ಸದ್ದು ನಿಂತಿತ್ತು.

ಇಬ್ಬರು ಗಟ್ಟಿ ಆಳು. ಮೊನ್ನೆ ಮಧ್ಯಾಹ್ನ ಮೇಷ್ಟ್ರ ಜೊತೆ ಆ ಮುಚ್ಚಳಕ್ಕೆ ಕೈ ಕೊಟ್ಟು ತೆಗೆದವನು ಯಾರು? ಬತ್ತಿ ನೋಡಿದ ಕೂಡಲೇ ಕಣ್ಣು ತಪ್ಪಿಸಿದವನು ಯಾರು?

ಅವಳು ಗೋಡೆಯ ಕಡೆ ತಿರುಗಿದಳು. ಗುದ್ದಲಿ ಇತ್ತು, ಕುಡುಗೋಲು ಇತ್ತು, ದೀಪ ಇತ್ತು. ಸುತ್ತಿಗೆಯ ಚಿತ್ರದ ಮೇಲೆ ಮೊಳೆ ಖಾಲಿಯಾಗಿತ್ತು.

"ಮಾಮ ಎಲ್ಲಿ?" ಎಂದಳು ಮಗಳು. ಹುಟ್ಟಿದಾಗಿನಿಂದ ಅಲ್ಲದಿದ್ದರೂ ಇಪ್ಪತ್ತು ವರ್ಷದಿಂದ ಕಮ್ಮಾರನನ್ನು ಹಾಗೆಯೇ ಕರೆಯುತ್ತಿದ್ದಳು.

ಜಿಗಣೆ ಅಂಗಳ ದಾಟಿ ಓಡಿದಳು. ಕುಲುಮೆಯಲ್ಲಿ ಕೆಂಡ ಇನ್ನೂ ಕೆಂಪಗಿತ್ತು. ಅರ್ಧ ಬಡಿದ ಕುಡುಗೋಲು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ತಣ್ಣಗಾಗುತ್ತಿತ್ತು, ಹಿಂಬಾಗಿಲು ತೆರೆದಿತ್ತು. ಸುತ್ತಿಗೆ ಮಣ್ಣಿನಲ್ಲಿ ಬಿದ್ದಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಮ್ಮಾರ ಅದನ್ನು ಒರೆಸದೆ ಹೋಗಿದ್ದ.